ಎರಡು ಬೆರಳು ಬಟ್ಟೆ

ನಮ್ಮ ಊರಿನ ಹೊಸ್ತಿಲ ಕಲ್ಲುಗಳ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಬಾಯಿ ತೆರೆದರೆ ಸಾಕು, ಇಂದ್ರವ್ವ ಮತ್ತೆ ಕಲ್ಲಿನ ಪುರಾಣ ತೆಗೆದಳು ಎಂದು ಜನ ಎದ್ದು ಹೋಗುತ್ತಾರೆ. ಕಲ್ಲು ತನ್ನ ಪಾಡಿಗೆ ತಾನು ಲೆಕ್ಕ ಮಾಡುತ್ತದೆ. ಇಪ್ಪತ್ತು ವರ್ಷ ದಾಟಿದವರು ಯಾರೇ ಅದರ ಮೇಲೆ ಕಾಲಿಟ್ಟರೂ ಅವರ ತೂಕದ ಕಿಲೋಗಳನ್ನು ಎತ್ತರದ ಮೀಟರಿನಿಂದ ಒಮ್ಮೆ ಭಾಗಿಸಿ, ಬಂದದ್ದನ್ನು ಅದೇ ಎತ್ತರದಿಂದ ಇನ್ನೊಮ್ಮೆ ಭಾಗಿಸಿ, ಉತ್ತರವನ್ನು ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ. ಅದಕ್ಕೆ ಅಷ್ಟೇ ಗೊತ್ತು. ನನ್ನ ಸಿಟ್ಟು ಆ ಕೂಗು ಕೇಳಿ ಚಪ್ಪಾಳೆ ತಟ್ಟಿದವರ ಮೇಲೆ. ಅವರಲ್ಲಿ ನಾನೂ ಒಬ್ಬಳು.

ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು, ನಮಗೆ ಮಾತ್ರ ಕೋಳಿ ಕೂಗಿದಷ್ಟೇ ಸಹಜ. ಮಕ್ಕಳು ತುಳಿದರೆ ಕಲ್ಲು ಸುಮ್ಮನಿರುತ್ತದೆ. ಬಸುರಿಯರು ತುಳಿದರೂ ಸುಮ್ಮನಿರುತ್ತದೆ, ಹಾಗಾಗಿ ಸೊಸೆ ಬಸಿರಾದ ಸುದ್ದಿ ಅತ್ತೆಗಿಂತ ಮೊದಲು ಎದುರು ಮನೆಯವರಿಗೆ ತಿಳಿಯುತ್ತದೆ. ನೀರಿನ ಕೊಡ ಹೊತ್ತು ಬಂದ ಹೆಣ್ಣುಮಕ್ಕಳು ಕಲ್ಲು ಕೂಗಿದ ಕೂಡಲೇ "ಕೊಡ ಸಹಿತ!" ಎಂದು ತಾವೂ ಕೂಗುತ್ತಾರೆ. ಹಮಾಲರು ಮೂಟೆ ಹೊತ್ತು ದಾಟಿದಾಗ ಅರವತ್ತು ಅರವತ್ತೈದು ಕೇಳಿ ಯಾರೂ ತಲೆಯೆತ್ತುವುದಿಲ್ಲ. ಬೀಗರು ಬರುವಾಗ ಕೆಲವರು ಹೊಸ್ತಿಲಿಗೆ ಗೋಣಿತಾಟು ಹಾಸುತ್ತಾರೆ, ಕೆಲವರು ರೇಡಿಯೋ ಜೋರು ಮಾಡುತ್ತಾರೆ. ಹೆಣ್ಣು ನೋಡಲು ಬಂದ ಒಬ್ಬ ವರ ಕಲ್ಲು ತುಳಿಯದೆ ಒಳಗೆ ಜಿಗಿಯಲು ಹೋಗಿ ಪಾದ ಉಳುಕಿಸಿಕೊಂಡು, ಹುಡುಗಿಯ ಮನೆಯಲ್ಲೇ ನಾಲ್ಕು ದಿನ ಮಲಗಿದ್ದ. ಆ ಮದುವೆ ಮಾತ್ರ ಆಯಿತು.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಆದರೆ ನಮ್ಮೂರಿನಲ್ಲಿ ಸಮತೂಕ ಮಂಡಳಿ ಅಂತ ಒಂದಿದೆ, ಅದಕ್ಕೆ ಮಹಾರುದ್ರಪ್ಪನವರು ಅಧ್ಯಕ್ಷರು. ಸಭಾಭವನದ ಗೋಡೆಯ ಮೇಲೆ ಕರಿಹಲಗೆ ಹಾಕಿ, ಹದಿನೆಂಟೂವರೆಯಿಂದ ಇಪ್ಪತ್ತೈದರ ಒಳಗಿದ್ದವರು ಸಮ, ಉಳಿದವರು ವಿಷಮ ಎಂದು ಬರೆಸಿದವರು ಅವರೇ. ಒಂದು ಸೋಮವಾರ ಇಪ್ಪತ್ತೈದನ್ನು ಒರೆಸಿ ಇಪ್ಪತ್ತಮೂರು ಮಾಡಿದರು. ನಮ್ಮ ಕಡೆಯ ಜನರ ಮೈಗೆ ಸಕ್ಕರೆ ಕಾಯಿಲೆ ಬೇಗ ಹತ್ತುತ್ತದೆ, ಅದಕ್ಕೇ ನಮ್ಮ ಗೆರೆ ಸ್ವಲ್ಪ ಕೆಳಗಿರಬೇಕು ಎಂದು ಯಾರೋ ತಿಳಿದ ವೈದ್ಯರು ಹೇಳಿದ್ದರಂತೆ. ಮಂಡಳಿ ಗೆರೆಯನ್ನು ನೆನಪಿಟ್ಟುಕೊಂಡಿತು, ಕಾರಣವನ್ನು ಮರೆಯಿತು. ಭಾನುವಾರ ರಾತ್ರಿ ಸಮವಾಗಿ ಮಲಗಿದ ನೂರಾರು ಜನ ಸೋಮವಾರ ವಿಷಮವಾಗಿ ಎದ್ದರು. ಮೇಲಿನಿಂದ ಇಳಿದು ಗೆರೆಯೊಳಗೆ ಬಂದವರಿಗೆ ಹಾರ, ಶಾಲು, ಹಲಗೆಯ ಮೇಲೆ ಹೆಸರು. ಕೆಳಗೆ ಬಿದ್ದವರಿಗೆ ಏನೂ ಇಲ್ಲ. ಹದಿನಾರು ಎಂದು ಕೂಗಿಸಿಕೊಂಡ ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನು ಕರೆದು ಊಟವಾಯಿತೇ ಎಂದು ಕೇಳಿದ ಒಬ್ಬ ಸದಸ್ಯನನ್ನೂ ನಾನು ಕಾಣೆ.

ನಾನು ದರ್ಜಿ. ಅಪ್ಪನಿಂದ ಬಂದ ಕೆಲಸ, ಅಪ್ಪನಿಂದಲೇ ಬಂದ ಹೊಲಿಗೆ ಯಂತ್ರ. ಅವನು ಕಲಿಸಿದ್ದರಲ್ಲಿ ಎರಡು ನಿಯಮಗಳನ್ನು ನಾನು ಎಂದೂ ಮೀರಿರಲಿಲ್ಲ. ಒಂದು, ಗಿರಾಕಿಯ ಅಳತೆಯನ್ನು ಬಾಯಿಬಿಟ್ಟು ಹೇಳಬಾರದು. ಕಲ್ಲು ಎಲ್ಲವನ್ನೂ ಬೀದಿಗೆ ಹಾಕುವ ಊರಿನಲ್ಲಿ ಗುಟ್ಟು ಉಳಿದಿರುವುದು ನನ್ನ ಅಳತೆಯ ಪುಸ್ತಕದಲ್ಲಿ ಮಾತ್ರ. ಎರಡು, ಹೊಲಿಗೆಯ ಒಳಗೆ ಎರಡು ಬೆರಳಿನಷ್ಟು ಬಟ್ಟೆ ಬಿಡಬೇಕು. "ಮೈ ಅಂದ್ರ ಗೋಡಿ ಅಲ್ಲವಾ, ಒಂದ ಕಡೆ ನಿಂದ್ರೂದಿಲ್ಲ" ಎನ್ನುತ್ತಿದ್ದ ಅಪ್ಪ. ಮೈ ತುಂಬಿದರೆ ಬಿಡಿಸಬಹುದು, ಇಳಿದರೆ ಹಿಡಿಯಬಹುದು, ಆದರೆ ಕತ್ತರಿಸಿ ಎಸೆದ ಬಟ್ಟೆ ಯಾರಿಗೂ ಹುಟ್ಟುವುದಿಲ್ಲ.

ನನ್ನ ತಂಗಿ ಕಸ್ತೂರಿ ಪಕ್ಕದ ಮನೆಯಲ್ಲೇ ಖಾನಾವಳಿ ನಡೆಸುತ್ತಾಳೆ. ಗಂಡ ಹೋಗಿ ಎಂಟು ವರ್ಷವಾಯಿತು. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುವ ಕೈ ಅವಳದು, ನನ್ನ ಯಂತ್ರದ ಸದ್ದಿಗೆ ಅವಳ ರೊಟ್ಟಿಯ ಸದ್ದು ಗೋಡೆಯಾಚೆಯಿಂದ ತಾಳ ಹಾಕುತ್ತದೆ. ಅವಳ ಸಂಖ್ಯೆ ಇಪ್ಪತ್ತೆಂಟು. ಒಮ್ಮೆ ಒಂದು ತೊಟ್ಟಿಲ ಕಾರ್ಯಕ್ಕೆ ಹೋದಾಗ ಆ ಮನೆಯ ಕಲ್ಲು ಇಪ್ಪತ್ತೆಂಟು ಎಂದಿತು. ಒಳಗಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಳು, "ಬಂದ್ಲ ನೋಡ್ರಿ, ರೊಟ್ಟಿ ಮಾರೂದು ಕಡಿಮಿ, ತಿನ್ನೂದ ಜಾಸ್ತಿ" ಎಂದಳು. ಎಲ್ಲರೂ ನಕ್ಕರು. ಕಲ್ಲು ಹೇಳಿದ್ದು ಒಂದೇ ಸಲ, ಆ ಹೆಣ್ಣುಮಕ್ಕಳು ಹೇಳಿದ್ದು ನಾಲ್ಕು ವರ್ಷ. ಕಸ್ತೂರಿ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು. ಅನಿವಾರ್ಯವಾಗಿ ಎಲ್ಲಿಗಾದರೂ ಹೋದರೆ ಹೊಸ್ತಿಲು ದಾಟುವಾಗ ಗಟ್ಟಿಯಾಗಿ ಕೆಮ್ಮುತ್ತಿದ್ದಳು, ಕಲ್ಲಿನ ಕೂಗು ಕೆಮ್ಮಿನಲ್ಲಿ ಮುಚ್ಚಿಹೋಗಲಿ ಎಂದು. ನಮ್ಮೂರ ಸಣ್ಣ ಆಸ್ಪತ್ರೆಗೂ ಅವಳು ಹೋಗಲಿಲ್ಲ, ಏಕೆಂದರೆ ಆಸ್ಪತ್ರೆಗೂ ಹೊಸ್ತಿಲಿದೆ.

ಕಳೆದ ವರ್ಷ ಯುಗಾದಿಯ ಹೊತ್ತಿಗೆ ಅವಳು ಇಳಿಯತೊಡಗಿದಳು. ಮೊದಲು ಇಪ್ಪತ್ತೇಳು, ಹದಿನೈದು ದಿನಕ್ಕೆ ಇಪ್ಪತ್ತಾರೂವರೆ. ನಾನು ಅವಳ ಹಸಿರು ಜಂಪರಿನ, ಎಂದರೆ ರವಿಕೆಯ, ಬಗಲ ಹೊಲಿಗೆಯನ್ನು ಅರ್ಧ ಇಂಚು ಹಿಡಿದುಕೊಟ್ಟೆ. ಇಪ್ಪತ್ತೈದಾದಾಗ ಮತ್ತೆ ಹಿಡಿದೆ. ಅವಳ ಮುಖದಲ್ಲಿ ವರ್ಷಗಳಿಂದ ಕಾಣದ ನಗು. ಉಪವಾಸ ಮಾಡುತ್ತಿದ್ದೀಯಾ ಎಂದು ಕೇಳಿದರೆ, "ಇಲ್ಲಕ್ಕ, ಮೊದಲಿಗಿಂತ ಹೆಚ್ಚ ಉಣ್ತೀನಿ. ದೇವರಿಗೇ ನನ್ನ ಮ್ಯಾಲ ಕರುಣಾ ಬಂದೇತಿ" ಎಂದಳು. ಹೆಚ್ಚು ಉಂಡವರು ಹೇಗೆ ಇಳಿಯುತ್ತಾರೆ ಎಂದು ನಾನು ಒಂದು ಗಳಿಗೆ ಕೂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ನನ್ನದು ಇಪ್ಪತ್ತಾರು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು.

ಕಣ್ಣಿಗೆ ಬಿದ್ದದ್ದು ಒಂದೆರಡಲ್ಲ. ಅವಳು ರೊಟ್ಟಿ ಬಡಿಯುತ್ತಾ ಪಕ್ಕದಲ್ಲೇ ಕೊಡ ಇಟ್ಟುಕೊಂಡು ತಂಬಿಗೆ ತಂಬಿಗೆ ನೀರು ಕುಡಿಯುತ್ತಿದ್ದಳು. ಅರ್ಧ ತಾಸಿಗೊಮ್ಮೆ ಬಚ್ಚಲಿಗೆ ಎದ್ದು ಹೋಗುತ್ತಿದ್ದಳು. ಬಚ್ಚಲ ಕಲ್ಲಿಗೆ ಇರುವೆ ಮುತ್ತಿದ್ದವು. ಒಲೆಯ ಕೆಂಡ ಸಿಡಿದು ಪಾದಕ್ಕಾದ ಗಾಯ ತಿಂಗಳಾದರೂ ಮಾಯ್ದಿರಲಿಲ್ಲ. ನನ್ನ ಟೇಪೂ ಹೇಳುತ್ತಿತ್ತು: ಸೊಂಟಕ್ಕಿಂತ ಹೆಚ್ಚಾಗಿ ಇಳಿದದ್ದು ತೋಳು. ರೊಟ್ಟಿ ಬಡಿಯುವ ಹೆಂಗಸಿನ ತೋಳು ಅಷ್ಟು ಇಳಿಯಬಾರದು. ಎಲ್ಲವನ್ನೂ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದಿದ್ದೆ. ಬರೆದು ಪುಸ್ತಕ ಮುಚ್ಚಿಟ್ಟೆ.

ಕೊನೆಯ ಸಲ ಅವಳು ಆ ಹಸಿರು ಜಂಪರನ್ನು ತಂದದ್ದು ಸನ್ಮಾನದ ಹಿಂದಿನ ದಿನ. ಕಲ್ಲು ಇಪ್ಪತ್ತೆರಡೂವರೆ ಎಂದಿತ್ತು. ಒಳಗೆ ಹಿಡಿದ ಬಟ್ಟೆ ದಪ್ಪನಾಗಿ ಬಗಲಿಗೆ ಚುಚ್ಚುತ್ತಿದೆ ಎಂದಳು.

"ಕತ್ತರಿಸಿ ಒಗದ ಬಿಡಕ್ಕ. ನಾ ಇನ್ನ ಹಿಂದಕ್ಕ ಹೋಗೂದಿಲ್ಲ."

"ಅಪ್ಪ ಏನ್ ಹೇಳಿದ್ದ, ಮರತಿಯೇನು?"

"ಅಪ್ಪ ಇದ್ದಿದ್ರ ಅವನೂ ಚಪ್ಪಾಳಿ ಹೊಡೀತಿದ್ದ ನಾಳೆ. ಕತ್ತರಿಸಕ್ಕ."

ನಾನು ಕತ್ತರಿಸಿದೆ. ನಲವತ್ತು ವರ್ಷದಲ್ಲಿ ಮೊದಲ ಬಾರಿ ಒಳಗಿನ ಬಟ್ಟೆಗೆ ಕತ್ತರಿ ಹಾಕಿದೆ. ಹಸಿರು ಚೂರುಗಳು ನನ್ನ ಕಾಲ ಬಳಿ ಬಿದ್ದವು, ನಾನೇ ಗುಡಿಸಿ ಹಾಕಿದೆ.

ಅದೇ ವಾರ ಮಹಾರುದ್ರಪ್ಪನವರ ಕರಿ ಕೋಟನ್ನೂ ಹೊಲಿದಿದ್ದೆ. ಅವರ ಸಂಖ್ಯೆ ಇಪ್ಪತ್ತೆರಡು, ಹಲಗೆಯ ಮೇಲೆ ಮೊದಲ ಹೆಸರು ಅವರದೇ. ಕೈಕಾಲು ಕಡ್ಡಿಯಂತೆ, ಎದೆ ಬಡಕಲು. ಸೊಂಟಕ್ಕೆ ಟೇಪು ಸುತ್ತಿದರೆ ಮಾತ್ರ ಮೂವತ್ತೆಂಟು ಇಂಚು. ಹೊಟ್ಟೆ ಅಂಗಿಯೊಳಗೆ ಅಡಗಿರುತ್ತಿತ್ತು, ಕಲ್ಲಿಗೆ ಅದು ಕಾಣುತ್ತಿರಲಿಲ್ಲ. ಅದನ್ನೂ ಬರೆದುಕೊಂಡು ಸುಮ್ಮನಾದೆ.

ಸನ್ಮಾನ ಬೆಳಗಿನ ಹನ್ನೊಂದಕ್ಕೆ. ಭವನ ತುಂಬಿತ್ತು, ತೊಟ್ಟಿಲ ಕಾರ್ಯದಲ್ಲಿ ನಕ್ಕಿದ್ದವರೆಲ್ಲ ಮುಂದಿನ ಸಾಲಿನಲ್ಲಿ. ಕಸ್ತೂರಿ ಬಾಗಿಲಿಗೆ ಬಂದಳು. ಆ ದಿನ ಅವಳು ಕೆಮ್ಮಲಿಲ್ಲ. ಹೊಸ್ತಿಲ ಮೇಲೆ ಎರಡೂ ಪಾದ ಇಟ್ಟು ನಿಂತಳು. ಕಲ್ಲು ಇಪ್ಪತ್ತೆರಡೂವರೆ ಎಂದು ಕೂಗಿದ್ದೇ ತಡ, ಭವನವೇ ಹಾರಿಹೋಗುವಂತೆ ಚಪ್ಪಾಳೆ. ನಾನೂ ತಟ್ಟಿದೆ, ಅಂಗೈ ಕೆಂಪಾಗುವವರೆಗೆ ತಟ್ಟಿದೆ. ವೇದಿಕೆ ಹತ್ತುವಾಗ ಅವಳು ಎರಡು ಸಲ ನಿಂತು ಉಸಿರು ತೆಗೆದುಕೊಂಡದ್ದನ್ನು ನೋಡಿಯೂ ತಟ್ಟಿದೆ. ಮಹಾರುದ್ರಪ್ಪನವರು ಕುಂಕುಮ ಬಣ್ಣದ ಜರಿಯಂಚಿನ ಶಾಲನ್ನು ಅವಳ ಹೆಗಲಿಗೆ ಹೊದಿಸಿದರು. ಶಾಲು ಹೆಗಲಿಗೆ ಬೀಳುತ್ತಿದ್ದಂತೆ ಕಸ್ತೂರಿ ಮೊಣಕಾಲು ಮಡಚಿ ಕುಸಿದು ಬಿದ್ದಳು.

ಚಪ್ಪಾಳೆ ನಿಲ್ಲಲಿಲ್ಲ! ಅಧ್ಯಕ್ಷರ ಕಾಲಿಗೆ ಬಿದ್ದು ನಮಸ್ಕಾರ ಮಾಡುತ್ತಿದ್ದಾಳೆ ಎಂದುಕೊಂಡರಂತೆ. ನಾನು ಜನರನ್ನು ತಳ್ಳಿಕೊಂಡು ವೇದಿಕೆಗೆ ಓಡಿದೆ. ಅವಳ ತುಟಿ ಒಣಗಿ ಬಿರಿದಿತ್ತು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ.

"ಏನೂ ಆಗಿಲ್ರಿ, ಖುಷಿಗೆ ತಲಿ ತಿರುಗೇತಿ" ಎಂದರು ಮಹಾರುದ್ರಪ್ಪ. "ಒಂದೀಟು ಎಬ್ಬಿಸಿ ನಿಲ್ಲಸ್ರಿ, ಫೋಟೋ ಆಗಿಲ್ಲ."

"ನಿಮ್ಮ ಫೋಟೋಕ್ಕ ಬೆಂಕಿ ಹಚ್ಲಿ! ಗಾಡಿ ತರಸ್ರಿ ಮೊದಲ! ಚಪ್ಪಾಳಿ ನಿಲ್ಲಸ್ರೋ, ನಿಮಗ ಕಣ್ಣಿಲ್ಲೇನು?" ಎಂದು ನಾನು ಕಿರುಚಿದೆ. ಆಗ ಭವನ ತಣ್ಣಗಾಯಿತು.

ಯಾರದೋ ಚಕ್ಕಡಿ ಗಾಡಿ ಸಿಕ್ಕಿತು. ಆಸ್ಪತ್ರೆಯ ಮುಂದೆ ಇಳಿದಾಗ ಕೈ ಹಚ್ಚುವವರಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಅವಳನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದು ಹೊಸ್ತಿಲು ತುಳಿದೆ. "ನಲವತ್ತೇಳೂವರೆ" ಎಂದಿತು ಕಲ್ಲು. ನನ್ನ ಜೀವನದ ಅತಿ ದೊಡ್ಡ ಸಂಖ್ಯೆ ಅದು, ಬೇಕಾದರೆ ನೂರು ಅನ್ನಲಿ ಎಂದುಕೊಂಡೆ.

ಜುಬೇದಾ ಸಿಸ್ಟರ್ ಒಬ್ಬರೇ ಇದ್ದರು. ಬೆರಳಿಗೆ ಸೂಜಿ ಚುಚ್ಚಿ ಹನಿ ರಕ್ತವನ್ನು ಯಂತ್ರಕ್ಕೆ ತಾಗಿಸಿ ನೋಡಿದರು, ಇನ್ನೊಂದು ಬೆರಳಿಗೂ ಚುಚ್ಚಿ ನೋಡಿದರು. ಸಕ್ಕರೆ ನಾಲ್ಕುನೂರ ಎಂಬತ್ತು. ಸಲೈನ್ ಹಚ್ಚುತ್ತಲೇ ಕೇಳಿದರು.

"ಎಷ್ಟ ದಿನಾ ಆತು ಇಳಿಯಾಕತ್ತು?"

"ಮೂರು ತಿಂಗಳು. ಇಪ್ಪತ್ತೆಂಟಿದ್ದಾಕಿ ಇಪ್ಪತ್ತೆರಡೂವರೆಗೆ ಬಂದಾಳ್ರಿ."

"ಊಟಾ ಬಿಟ್ಟಿದ್ಲೇನು?"

"ಇಲ್ರಿ, ಹೆಚ್ಚ ಉಣ್ತಿದ್ಲು. ನೀರಂತೂ ಕೊಡಗಟ್ಟಲೆ."

ಸಿಸ್ಟರ್ ತಲೆಯೆತ್ತಿ ನನ್ನನ್ನು ನೋಡಿದರು. "ಹೆಚ್ಚ ಉಂಡು, ಕೊಡಗಟ್ಟಲೆ ನೀರ ಕುಡದು, ಹನ್ನೆರಡ ಕಿಲೋ ಇಳದಾಳ. ಊರಾಗ ಒಬ್ಬರಿಗರೆ ಏನೂ ಅನ್ನಸಲಿಲ್ಲೇನು? ಏನ್ ಮಾಡಿದ್ರಿ ನೀವೆಲ್ಲಾ?"

"ಶಾಲು ಹೊಚ್ಚಿದ್ವಿ" ಎಂದೆ. ಆ ಶಾಲು ಇನ್ನೂ ಅವಳ ಮೈಮೇಲೇ ಇತ್ತು.

ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಒಂಬತ್ತು ದಿನ. ಮೊದಲ ಎರಡು ದಿನ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ಆ ಎರಡು ದಿನ ನಾನು ಹಾಸಿಗೆಯ ಪಕ್ಕ ಕೂತು, ಗುಡಿಸಿ ಹಾಕಿದ ಹಸಿರು ಚೂರುಗಳನ್ನೇ ನೆನೆಯುತ್ತಿದ್ದೆ. ಮೂರನೆಯ ದಿನ ಅವಳು ಕಣ್ಣು ತೆರೆದು, "ಒಲಿ ಆರಸಿ ಬಂದಿಯೇನಕ್ಕ?" ಎಂದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಊರಿಗೆ ಮರಳಿದ ಮೇಲೆ ಜುಬೇದಾ ಸಿಸ್ಟರ್ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಅವಳಿಗೆ ಕಲಿಸಿದರು. ಆಗ ಮಾತ್ರ ನನಗೆ ಕಲ್ಲಿನ ಮೇಲೆ ಎಲ್ಲಿಲ್ಲದ ಕೋಪ. ಹಾರೆ ತಂದು ಹೊಸ್ತಿಲನ್ನೇ ಕಿತ್ತು ಹಾಕುತ್ತೇನೆ ಎಂದೆ.

"ಕಲ್ಲ ಯಾಕ ಕೀಳ್ತೀರಿ? ಅದು ಸುಳ್ಳ ಹೇಳಿಲ್ಲ" ಎಂದರು ಸಿಸ್ಟರ್. "ಇಪ್ಪತ್ತೆಂಟು ಅಂತ ಕೂಗಿದಾಗ್ಲೇ ಇಕೀನ ಕರ್ಕೊಂಡ ಬಂದು ಸಕ್ಕರಿ, ಬಿಪಿ ನೋಡಸಬೇಕಿತ್ತು. ಸಂಖ್ಯಿ ಇರೂದ ಅದಕ್ಕ. ಅದು ಬಾಗಿಲಾ ಬಡೀತೈತಿ, ಅಷ್ಟ. ಬಾಗಿಲಾ ತಗದು ಒಳಗ ಏನೈತಿ ಅಂತ ನೋಡಬೇಕಾದವರು ನಾವು. ನೀವು ನಾಲ್ಕ ವರ್ಷ ನಕ್ಕ್ರಿ, ಇಕಿ ನಾಚಿ ಮನ್ಯಾಗ ಕುಂತ್ಲು."

ಸಿಸ್ಟರ್ ಇನ್ನೂ ಹೇಳಿದರು. ಕಲ್ಲಿಗೆ ಮಾಂಸ ಯಾವುದು, ಕೊಬ್ಬು ಯಾವುದು ಎಂದು ತಿಳಿಯುವುದಿಲ್ಲವಂತೆ. ಮೂಟೆ ಹೊತ್ತು ಗಟ್ಟಿಯಾದ ಹಮಾಲ ಇಪ್ಪತ್ತೇಳಿದ್ದರೂ ಆರೋಗ್ಯವಾಗಿರಬಹುದು, ಕೊಬ್ಬನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡವನು ಇಪ್ಪತ್ತೆರಡಿದ್ದರೂ ಕಾಯಿಲೆ ಬೀಳಬಹುದು. ವಯಸ್ಸಾದವರು ಕುಗ್ಗಿ ಎತ್ತರ ಕಡಿಮೆಯಾದರೆ, ಒಂದು ತುತ್ತು ಹೆಚ್ಚು ಉಣ್ಣದೆಯೂ ಸಂಖ್ಯೆ ಏರುತ್ತದೆ. "ನಿಮ್ಮ ಕೊಳ್ಳಾಗ ಟೇಪ ಐತೆಲ್ಲ" ಎಂದರು ಸಿಸ್ಟರ್. "ಸೊಂಟದ ಅಳತಿ ಎತ್ತರದ ಅರ್ಧಕ್ಕಿಂತ ಕಡಿಮಿ ಇರಬೇಕು. ಕಲ್ಲಿಗೆ ಕಾಣದ್ದು ನಿಮಗ ಕಾಣತೈತಿ. ಕಂಡರೂ ಬಾಯಿ ಮುಚ್ಚಿಕೊಂಡ ಕುಂತ್ರ ನೀವೂ ಒಂದ ಕಲ್ಲ." ಆ ಮಾತು ನನಗೆ ನಾಟಿತು. ಇವತ್ತಿಗೂ ನಾಟಿಕೊಂಡೇ ಇದೆ.

ನಾಲ್ಕು ತಿಂಗಳಲ್ಲಿ ಕಸ್ತೂರಿಯ ತೋಳು ತುಂಬಿಕೊಂಡವು. ಗೋಡೆಯಾಚೆ ರೊಟ್ಟಿಯ ಸದ್ದು ಮತ್ತೆ ಎದ್ದಿತು. ಸಂಖ್ಯೆ ಇಪ್ಪತ್ತನಾಲ್ಕೂವರೆಗೆ ಬಂದು ನಿಂತಿತು. ಸಕ್ಕರೆ ಹಿಡಿತದಲ್ಲಿತ್ತು, ದಿನಾ ಸಂಜೆ ಕೆರೆಯವರೆಗೆ ನಡೆದು ಬರುತ್ತಿದ್ದಳು. ಸೊಂಟ ಇನ್ನೊಂದೆರಡು ಇಂಚು ಇಳಿದರೆ ಒಳ್ಳೆಯದು, ಅವಸರವಿಲ್ಲ ಎಂದಿದ್ದರು ಸಿಸ್ಟರ್. ಒಂದು ಬೆಳಿಗ್ಗೆ ಅವಳು ಹಸಿರು ಜಂಪರು ಹಿಡಿದು ಬಂದಳು. "ತೋಳ ಏರವಲ್ತಕ್ಕ, ಒಂದೀಟು ಬಿಡಸಿ ಕೊಡು."

ಬಿಡಿಸಲು ಒಳಗೆ ಏನಿತ್ತು? ದಾರದ ಅಂಚಿನವರೆಗೂ ನಾನೇ ಕತ್ತರಿಸಿದ್ದೆನಲ್ಲ. ಸೇರಿಸೋಣವೆಂದರೆ ಆ ಹಸಿರು ಅಂಗಡಿಯಲ್ಲಿ ಸಿಗಲಿಲ್ಲ. ಆಮೇಲೆ ಎದ್ದು ಹೋಗಿ ಪೆಟ್ಟಿಗೆಯಿಂದ ಸನ್ಮಾನದ ಶಾಲು ತೆಗೆದೆ. ಅದನ್ನು ನೆಲದ ಮೇಲೆ ಹರಡಿ, ಸೀಮೆಸುಣ್ಣದಿಂದ ಗೆರೆ ಎಳೆದು, ಒಂದೇ ಏಟಿಗೆ ಕತ್ತರಿ ಹಾಕಿದೆ. ಆ ಸದ್ದಿನಷ್ಟು ಹಿತವಾದ ಸದ್ದನ್ನು ನಾನು ಆ ವರ್ಷ ಕೇಳಿರಲಿಲ್ಲ. ಕುಂಕುಮ ಬಣ್ಣದ ಎರಡು ಪಟ್ಟಿ ಕಂಕುಳಿಂದ ಸೊಂಟದವರೆಗೆ, ಎರಡು ತೋಳಿಗೆ. ಜರಿಯನ್ನೂ ಬಿಡಲಿಲ್ಲ.

ವಾರ ಕಳೆದಿರಲಿಲ್ಲ, ಮಹಾರುದ್ರಪ್ಪನವರು ನಮ್ಮ ಮನೆಗೆ ಬಂದರು. ಕಲ್ಲು ಇಪ್ಪತ್ತೆರಡು ಎಂದಿತು, ಅವರು ಒಂದು ಗಳಿಗೆ ನಿಂತು ಅದನ್ನು ಪೂರ್ತಿ ಕೇಳಿಸಿಕೊಂಡೇ ಒಳಗೆ ಬಂದರು. ಕೈಯಲ್ಲಿ ಮಡಚಿದ ಕರಿ ಕೋಟು. ಕುರ್ಚಿಯ ಮೇಲೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡರು.

"ತಪ್ಪ ತಿಳ್ಕೋಬ್ಯಾಡ್ರಿ ಇಂದ್ರವ್ವ. ನಿಮ್ಮ ತಂಗಿ ಇಪ್ಪತ್ತಮೂರು ದಾಟ್ಯಾಳ. ನಿಯಮ ಅಂದ್ರ ನಿಯಮ. ಹಲಗಿ ಮ್ಯಾಲಿನ ಹೆಸರ ಅಳಸೇವಿ. ಶಾಲು ವಾಪಸ್ ಕೊಡಬೇಕಾಗತೈತಿ."

ನನ್ನ ಮೈ ಉರಿದುಹೋಯಿತು. ಸಾಯುತ್ತಿದ್ದವಳನ್ನು ಸಮ ಎಂದು ಕರೆದು ಶಾಲು ಹೊದಿಸಿದವರು, ಬದುಕಿ ಎದ್ದು ಕೂತವಳನ್ನು ವಿಷಮ ಎಂದು ಕರೆದು ಶಾಲು ಕೇಳಲು ಬಂದಿದ್ದಾರೆ! ನಾನು ಬಾಯಿ ತೆರೆಯುವ ಮೊದಲೇ ಗೋಡೆಯಾಚೆ ರೊಟ್ಟಿಯ ಸದ್ದು ನಿಂತಿತು. ಕಸ್ತೂರಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. "ಇಪ್ಪತ್ತನಾಲ್ಕೂವರೆ" ಎಂದಿತು ಕಲ್ಲು. ಅವಳು ಕೆಮ್ಮಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ತೋಳನ್ನು ತಲೆಯ ಮೇಲಕ್ಕೆ ಎತ್ತಿದಳು. ಕಂಕುಳ ಕೆಳಗೆ ಕುಂಕುಮ ಬಣ್ಣದ ಪಟ್ಟಿಗಳು, ಅವುಗಳ ಅಂಚಿಗೆ ಜರಿ.

"ಶಾಲು ಇಲ್ಲೈತ್ರಿ ಅಧ್ಯಕ್ಷರ. ಬಿಚ್ಚಿಕೊಂಡ ಹೋಗ್ರಿ."

ಮಹಾರುದ್ರಪ್ಪನವರು ಗೋಡೆಯ ಕಡೆ ಮುಖ ತಿರುಗಿಸಿದರು. ಕಸ್ತೂರಿ ತೋಳಿಳಿಸಲಿಲ್ಲ. "ಯಾಕ, ನಿಯಮ ಅಂದ್ರ ನಿಯಮ ಅಲ್ಲೇನ್ರಿ?" ಎಂದಳು. ಅವರು ಕೋಟಿನ ಮಡಿಕೆ ಸರಿಮಾಡತೊಡಗಿದರು. "ಹಂಗಾದ್ರ ನಂದು ತವ್ಯಾಗ ರೊಟ್ಟಿ ಹೊತ್ತತೈತಿ" ಎಂದು ಅವಳು ಹೊರಟುಹೋದಳು.

ಅವಳು ಹೋದ ಮೇಲೆ ಅವರು ಕೋಟನ್ನು ನನ್ನ ಕಡೆ ನೂಕಿದರು. ದನಿ ತಗ್ಗಿತ್ತು. "ಇದು ಗುಂಡಿ ಹತ್ತವಲ್ದು. ಒಂದಿಷ್ಟು ಬಿಡಸಬೇಕಿತ್ತು."

ಸೊಂಟಕ್ಕೆ ಟೇಪು ಸುತ್ತಿದೆ. ನಲವತ್ತು. ಎತ್ತರ ಅರವತ್ತನಾಲ್ಕು ಇಂಚು, ಅದರ ಅರ್ಧ ಮೂವತ್ತೆರಡು. ಬೀದಿಯ ಬಾಗಿಲು ತೆರೆದೇ ಇತ್ತು. ನಲವತ್ತು, ನಲವತ್ತು ಎಂದು ಊರಿಗೆಲ್ಲ ಕೇಳುವಂತೆ ಕೂಗಬೇಕು, ಅವರ ಹಲಗೆಯ ಮೇಲೆ ಅವರ ಹೆಸರಿನ ಮುಂದೆ ಬರೆಸಬೇಕು ಎಂದು ನಾಲಿಗೆ ತುರಿಸಿತು. ಅಂಥ ಕೂಗಿಗೇ ಹೆದರಿ ನನ್ನ ತಂಗಿ ನಾಲ್ಕು ವರ್ಷ ಆಸ್ಪತ್ರೆಯ ಹೊಸ್ತಿಲು ತುಳಿದಿರಲಿಲ್ಲ. ಕೂಗಲಿಲ್ಲ. ಚೀಟಿಯ ಮೇಲೆ ಸೊಂಟ, ಎತ್ತರ ಎರಡರ ಅಂಕಿಯನ್ನೂ ಬರೆದು ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದೆ.

"ಇದನ್ನ ಜುಬೇದಾ ಸಿಸ್ಟರ್ ಕೈಯಾಗ ಕೊಡ್ರಿ. ಇವತ್ತ ಕೊಡ್ರಿ. ಸಕ್ಕರಿ ನೋಡಿಸಿಕೊಂಡ ಬರ್ರಿ, ಕೋಟು ಆಮ್ಯಾಲ ಬಿಡಸತೀನಿ."

"ನಂದು ಇಪ್ಪತ್ತೆರಡ ಐತಲ್ಲ" ಎಂದರು ಅವರು. ಸಿಟ್ಟಿನಿಂದ ಹೇಳಲಿಲ್ಲ. ಹೆದರಿದವರ ದನಿ ಅದು.

"ಅದಕ್ಕ ಹೇಳಾಕತ್ತೀನ್ರಿ. ಬಿದ್ದ ಮ್ಯಾಲ ಎತ್ತಿಕೊಂಡ ಹೋಗಾಕ ನಿಮಗ ಅಕ್ಕ ಇಲ್ಲ."

ಅವರು ಹೋದರು. ಆಸ್ಪತ್ರೆಯ ಕಡೆಗೆ ತಿರುಗಿದರೋ ಭವನದ ಕಡೆಗೋ ನಾನು ಎದ್ದು ನೋಡಲಿಲ್ಲ. ಕೋಟು ಇನ್ನೂ ನನ್ನ ಬಳಿಯೇ ಇದೆ, ಅದರ ಒಳಗೆ ಎರಡು ಬೆರಳು ಬಟ್ಟೆ ಇದೆ, ಅವರಿಗೂ ಬಿಟ್ಟಿದ್ದೆ. ಕಸ್ತೂರಿಯ ಜಂಪರಿನ ಶಾಲಿನ ಪಟ್ಟಿಯಲ್ಲೂ ಈ ಸಲ ಎರಡು ಬೆರಳು ಬಟ್ಟೆ ಬಿಟ್ಟಿದ್ದೇನೆ. ಅವಳೇ ಬಂದು ಕಾಲು ಹಿಡಿದು ಕೇಳಿದರೂ ಅದಕ್ಕೆ ಕತ್ತರಿ ಹಾಕುವುದಿಲ್ಲ.